ಒಂಟೆಗೆ ನೆಗಡಿ, ನಮಗೆ ನ್ಯುಮೋನಿಯಾ

(ಕರಾವಳಿಯ ಒಂದು ಕಾಲೇಜಿನಲ್ಲಿ ಮಾಡಿದ ಭಾಷಣದ ಬರಹ ರೂಪ. ಮಾತು ಅಡ್ಡದಾರಿ ಹಿಡಿದ ಕಡೆ ಒಂದಿಷ್ಟು ಕತ್ತರಿಸಿದ್ದೇನೆ. ಎಲ್ಲ ಕಡೆ ಕತ್ತರಿಸಲು ಮನಸ್ಸಾಗಲಿಲ್ಲ.)

ನಾನು ದನದ ಡಾಕ್ಟರು. ಮೂವತ್ತು ವರ್ಷ ಹಸು, ಎಮ್ಮೆ, ಆಡು, ನಾಯಿ ನೋಡಿಕೊಂಡಿದ್ದು ಈಗ ನಿವೃತ್ತನಾಗಿದ್ದೇನೆ. ಒಂಟೆಯ ಮೈ ಮುಟ್ಟಿ ಮದ್ದು ಮಾಡಿದ್ದು ಇಷ್ಟು ವರ್ಷದಲ್ಲಿ ಎರಡೇ ಸಲ. ಎರಡೂ ಜಾತ್ರೆಯಲ್ಲಿ ಸವಾರಿಗೆಂದು ಬಂದಿದ್ದವು, ಎರಡಕ್ಕೂ ಹೊಟ್ಟೆ ಉಬ್ಬರ. ಹೀಗಿರುವಾಗ ಒಂಟೆಯ ಬಗ್ಗೆ ಮಾತಾಡಲು ನನ್ನನ್ನೇ ಯಾಕೆ ಕರೆದಿರಿ ಎಂದು ಸಂಘಟಕರನ್ನು ಕೇಳಿದೆ. "ಗಲ್ಫ್‌ನಿಂದ ನಿಮಗೆ ಬರುವಷ್ಟು ಫೋನು ಬೇರೆ ಯಾರಿಗೂ ಬರೋದಿಲ್ಲ ಸರ್" ಎಂದರು. ಅದೇನೋ ನಿಜ. ನಮ್ಮ ಈ ಕಡೆ ಮನೆಗೊಬ್ಬರಾದರೂ ದುಬೈ, ದೋಹಾ, ದಮ್ಮಾಮ್, ಜುಬೈಲ್ ಅಂತ ಇರುತ್ತಾರೆ. ನಿಮ್ಮಲ್ಲಿ ಎಷ್ಟು ಜನರ ಮನೆಯವರು ಅಲ್ಲಿದ್ದಾರೆ, ಕೈ ಎತ್ತಿ ನೋಡೋಣ. ಹಾಂ, ಅರ್ಧಕ್ಕಿಂತ ಜಾಸ್ತಿಯೇ ಇದೆ.

ಹಾಗಾದರೆ ಒಂದು ಫೋನಿನಿಂದಲೇ ಶುರು ಮಾಡುತ್ತೇನೆ. ನಮ್ಮೂರಿನ ಒಬ್ಬ ಹುಡುಗ ಡ್ರೈವರ್ ಕೆಲಸ ಅಂತ ಕತಾರ್‌ಗೆ ಹೋದ. ಅಲ್ಲಿ ಇಳಿದ ಮೇಲೆ ಸಿಕ್ಕಿದ್ದು ಒಂಟೆ ಕಾಯುವ ಕೆಲಸ. ಪೇಟೆಯಿಂದ ದೂರ, ಮರಳಿನ ನಡುವೆ ತಂತಿಬೇಲಿ, ಒಳಗೆ ಹದಿನೈದಿಪ್ಪತ್ತು ಒಂಟೆ, ಪಕ್ಕದಲ್ಲಿ ಇವನಿಗೊಂದು ಶೀಟಿನ ಗೂಡು. ಅದಕ್ಕೆ ಅಲ್ಲಿ ಇಜ್ಬಾ ಅನ್ನುತ್ತಾರೆ. ಚಳಿಗಾಲದ ಒಂದು ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಅವನ ಫೋಟೊ ಬಂತು. ಅವನದ್ದಲ್ಲ, ಒಂಟೆ ಮರಿಯ ಮೂತಿ. ಮೂಗಿನ ಹೊಳ್ಳೆಯಿಂದ ಹಳದಿ ಸಿಂಬಳ ಇಳಿದು, ಮೇಲ್ತುಟಿಯ ಸೀಳಿನಲ್ಲಿ ಮರಳಿನ ಜೊತೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಹಿಂದೆಯೇ ಫೋನು.

"ಡಾಕ್ಟ್ರೇ, ಮರಿಗೆ ಶೀತ ಆಗಿದೆ. ಎಂತ ಹಾಕ್ಲಿ?"

"ನೀನು ಮೊದ್ಲು ಕೈ ತೊಳ್ಕೊ ಮಾರಾಯ. ಅದರ ಮೂಗು ಒರೆಸಿದ್ದೀಯಾ?"

"ಹೌದು, ನನ್ನ ಬೈರಾಸಿನಲ್ಲೇ ಒರೆಸಿದೆ."

ಆ ಬೈರಾಸಿನ ಕತೆಯೇ ಇವತ್ತಿನ ವಿಷಯ. ಹುಡುಗನಿಗೆ ಏನೂ ಆಗಲಿಲ್ಲ, ಗಾಬರಿ ಬೇಡ. ಮರಿಗೆ ಬಂದಿದ್ದು ಯಾವ ಶೀತ ಎಂದು ಯಾರೂ ಪರೀಕ್ಷೆ ಮಾಡಿಸಲೂ ಇಲ್ಲ. ಆದರೆ ಅಂಥದ್ದೇ ಒಂದು ಮೂಗಿನಿಂದ ಬಂದ ವೈರಸ್ 2012ರಿಂದ ಇಲ್ಲಿಯವರೆಗೆ 2,600ಕ್ಕೂ ಹೆಚ್ಚು ಜನರಿಗೆ ತಗುಲಿದೆ. ಹಾಗೆ ಪತ್ತೆಯಾದವರಲ್ಲಿ ನೂರಕ್ಕೆ ಸುಮಾರು 36 ಜನ ಸತ್ತಿದ್ದಾರೆ. ಹೆಸರು ಮೆರ್ಸ್. ಮಿಡ್ಲ್ ಈಸ್ಟ್ ರೆಸ್ಪಿರೇಟರಿ ಸಿಂಡ್ರೋಮ್ ಎಂಬುದರ ಮೊದಲ ಅಕ್ಷರಗಳು. ಕೋವಿಡ್ ತಂದ ವೈರಸ್ಸಿನ ದಾಯಾದಿ ಅಂದುಕೊಳ್ಳಿ. ಕುಟುಂಬ ಒಂದೇ, ಮನೆ ಬೇರೆ.

ಲೆಕ್ಕದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೂರಕ್ಕೆ 36 ಅಂದರೆ ಎದೆ ಝಲ್ ಅನ್ನುತ್ತದೆ. ಆದರೆ ಅದು ಆಸ್ಪತ್ರೆಗೆ ಬಂದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಲೆಕ್ಕ. ಸೋಂಕು ತಗುಲಿಯೂ ಸುಮ್ನೆ ಎರಡು ದಿನ ಕೆಮ್ಮಿ ಕೆಲಸಕ್ಕೆ ಹೋದವರು ಇದರಲ್ಲಿ ಇಲ್ಲ.

ಈ ರೋಗ ಮೊದಲು ಕಣ್ಣಿಗೆ ಬಿದ್ದ ರೀತಿ ಪತ್ತೇದಾರಿ ಕತೆಯ ಹಾಗಿದೆ. 2012ರ ಜೂನ್. ಸೌದಿಯ ಜೆಡ್ಡಾದಲ್ಲಿ 60 ವರ್ಷದ ಒಬ್ಬರು ನ್ಯುಮೋನಿಯಾ ಅಂತ ಆಸ್ಪತ್ರೆ ಸೇರಿದರು. ಕಿಡ್ನಿಯೂ ಕೈಕೊಟ್ಟಿತು. ಹನ್ನೊಂದು ದಿನದಲ್ಲಿ ಹೋಗಿಬಿಟ್ಟರು. ಆ ಆಸ್ಪತ್ರೆಯಲ್ಲಿ ಅಲಿ ಮೊಹಮ್ಮದ್ ಜಾಕಿ ಎಂಬ ಈಜಿಪ್ಟಿನ ವೈರಸ್ ತಜ್ಞರಿದ್ದರು. ರೋಗಿಯ ಕಫ ಪರೀಕ್ಷಿಸಿದರೆ ಗೊತ್ತಿರುವ ಯಾವ ವೈರಸ್ಸೂ ಸಿಗಲಿಲ್ಲ. ಆದರೆ ಲ್ಯಾಬಿನಲ್ಲಿ ಬೆಳೆಸುತ್ತಿದ್ದ ಜೀವಕೋಶಗಳನ್ನು ಅದು ಕೊಲ್ಲುತ್ತಿತ್ತು. ಏನೋ ಇದೆ ಎಂದು ಮಾದರಿಯನ್ನು ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿರುವ ಎರಾಸ್ಮಸ್ ವೈದ್ಯಕೀಯ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಅದು ಹೊಸ ಕೊರೊನಾ ವೈರಸ್ ಎಂದು ತಿಳಿಯಿತು. ಸೆಪ್ಟೆಂಬರ್‌ನಲ್ಲಿ ಜಾಕಿ ಇದನ್ನು ಪ್ರೊಮೆಡ್ ಎಂಬ ಜಾಗತಿಕ ರೋಗ ಎಚ್ಚರಿಕೆ ಜಾಲಕ್ಕೆ ಹಾಕಿದರು. ಅದಕ್ಕೆ ಸಿಕ್ಕ ಬಹುಮಾನ ಏನು ಅಂದರೆ, ಕೆಲಸ ಹೋಯಿತು. ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳಿದರು.

ಆದರೆ ಆ ಸೂಚನೆ ಕೆಲಸ ಮಾಡಿತ್ತು. ಅದೇ ಹೊತ್ತಿಗೆ ಕತಾರ್‌ನ 49 ವರ್ಷದ ಒಬ್ಬ ರೋಗಿಯನ್ನು ವಿಮಾನದಲ್ಲಿ ಲಂಡನ್‌ಗೆ ತಂದಿದ್ದರು. ಅವರಿಗೂ ಅದೇ ನ್ಯುಮೋನಿಯಾ, ಅದೇ ಕಿಡ್ನಿ ತೊಂದರೆ. ಅಲ್ಲಿನವರು ಹೋಲಿಸಿ ನೋಡಿದರೆ ವೈರಸ್ ಹೆಚ್ಚುಕಡಿಮೆ ಅದೇ. ಆಮೇಲೆ ಜೋರ್ಡಾನಿನವರು ಫ್ರೀಜರ್ ತೆಗೆದರು. ಅದೇ ವರ್ಷ ಏಪ್ರಿಲ್‌ನಲ್ಲಿ ಜರ್ಕಾ ಎಂಬ ಊರಿನ ಆಸ್ಪತ್ರೆಯಲ್ಲಿ ಒಂದಷ್ಟು ಜನ ಸಿಬ್ಬಂದಿ ಒಟ್ಟೊಟ್ಟಿಗೆ ಕಾಯಿಲೆ ಬಿದ್ದಿದ್ದರು, ಕಾರಣ ತಿಳಿದಿರಲಿಲ್ಲ. ಇಟ್ಟಿದ್ದ ಮಾದರಿಗಳಲ್ಲಿ ಮೆರ್ಸ್ ಸಿಕ್ಕಿತು. ಸತ್ತ ಇಬ್ಬರಲ್ಲಿ ಒಬ್ಬರು ಐಸಿಯು ನರ್ಸ್. ಆ ನರ್ಸ್‌ರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಸರಿ, ವೈರಸ್ ಸಿಕ್ಕಿತು. ಬಂದಿದ್ದು ಎಲ್ಲಿಂದ? ಮೊದಲ ಅನುಮಾನ ಬಾವಲಿಯ ಮೇಲೆ. ಪಾಪ, ಏನೇ ಆದರೂ ಮೊದಲ ಅನುಮಾನ ಅದರ ಮೇಲೆಯೇ. ಹಳೆಯ ಕಾಲದಲ್ಲಿ ಇದರ ಪೂರ್ವಜರು ಬಾವಲಿಯಲ್ಲಿದ್ದಿರಬೇಕು, ಇದರ ಹತ್ತಿರದ ಸಂಬಂಧಿಗಳು ಬಾವಲಿಗಳಲ್ಲಿ ಸಿಕ್ಕಿವೆ. ಆದರೆ ಜೆಡ್ಡಾದ ಜನ ಬಾವಲಿ ಸಾಕುವುದಿಲ್ಲವಲ್ಲ. ನಡುವೆ ಒಂದು ಪ್ರಾಣಿ ಇರಬೇಕು ಎಂದು ಹಸು, ಕುರಿ, ಮೇಕೆ, ಒಂಟೆ, ಸಿಕ್ಕಿದ್ದರ ರಕ್ತವನ್ನೆಲ್ಲ ನೋಡಿದರು. 2013ರ ಆಗಸ್ಟ್‌ನಲ್ಲಿ ಉತ್ತರ ಹೊರಬಿತ್ತು. ಓಮಾನ್‌ನಲ್ಲಿ ರೇಸಿನಿಂದ ನಿವೃತ್ತಿಯಾದ 50 ಒಂಟೆಗಳ ರಕ್ತ ಪರೀಕ್ಷಿಸಿದರು. ಐವತ್ತಕ್ಕೆ ಐವತ್ತರಲ್ಲೂ ಈ ವೈರಸ್ಸಿನ ವಿರುದ್ಧ ಆಂಟಿಬಾಡಿ, ಅಂದರೆ ಸೋಂಕು ಬಂದು ಹೋದ ಮೇಲೆ ರಕ್ತದಲ್ಲಿ ಉಳಿಯುವ ಗುರುತು, ಇತ್ತು. ಪ್ರಾಣಿಗಳ ಕೆಲಸದಲ್ಲಿ ನೂರಕ್ಕೆ ನೂರು ಅನ್ನುವ ಫಲಿತಾಂಶ ಅಪರೂಪ. ನಾನಾಗಿದ್ದರೆ ಕಿಟ್ ಕೆಟ್ಟಿದೆ ಎಂದು ಇನ್ನೊಮ್ಮೆ ಪರೀಕ್ಷೆ ಮಾಡಿಸುತ್ತಿದ್ದೆ!

ಆಮೇಲೆ ಹಳೆಯ ರಕ್ತದ ಬಾಟಲಿಗಳನ್ನು ಹುಡುಕಿ ತೆಗೆದರು. ಯಾವುದೋ ಬೇರೆ ಕೆಲಸಕ್ಕೆ ತೆಗೆದಿಟ್ಟಿದ್ದ ಒಂಟೆ ರಕ್ತ. ಸೌದಿಯ 1992ರ ಮಾದರಿಯಲ್ಲಿ ಆಂಟಿಬಾಡಿ ಇತ್ತು. ಸೊಮಾಲಿಯಾ, ಸುಡಾನ್‌ಗಳ 1983ರ ಕಾಲದ ಮಾದರಿಯಲ್ಲೂ ಇತ್ತು. ಅಂದರೆ 2012ರಲ್ಲಿ ಹುಟ್ಟಿದ ಹೊಸ ರೋಗ ಇದಲ್ಲ. ಮೂವತ್ತು ವರ್ಷ ಒಂಟೆಗಳ ಮೂಗಿನಲ್ಲಿ ಓಡಾಡಿಕೊಂಡಿತ್ತು. ಅಷ್ಟು ವರ್ಷ ಯಾರಿಗೆ ತಗುಲಿತೋ, ಯಾರು ಸತ್ತರೋ, ಎಲ್ಲವೂ "ನ್ಯುಮೋನಿಯಾ" ಎಂಬ ಒಂದು ಶಬ್ದದೊಳಗೆ ಮುಚ್ಚಿಹೋಯಿತು.

ಈಗ ಜೆಡ್ಡಾದ ದಕ್ಷಿಣಕ್ಕಿದ್ದ ಒಂದು ಕೊಟ್ಟಿಗೆಗೆ ಹೋಗೋಣ. 2013ರ ಅಕ್ಟೋಬರ್ ಕೊನೆ. ಮಾಲೀಕರಿಗೆ 44 ವರ್ಷ. ಒಂಬತ್ತು ಒಂಟೆ ಸಾಕಿದ್ದರು, ದಿನಾ ಗೆಳೆಯರ ಜೊತೆ ನೋಡಲು ಹೋಗುತ್ತಿದ್ದರು. ನಾಲ್ಕು ಒಂಟೆಗಳ ಮೂಗು ಸೋರುತ್ತಿತ್ತು. ಕಾಯಿಲೆ ಬಿದ್ದ ಒಂದು ಒಂಟೆಯ ಮೂಗಿಗೆ ಇವರು ತಮ್ಮ ಕೈಯಾರೆ ಔಷಧಿ ಹಚ್ಚಿದರು. ಸಾಕಿದವನು ಮಾಡುವುದೇ ಅದು, ನೀವಾದರೂ ಅದನ್ನೇ ಮಾಡುತ್ತೀರಿ. ಕೆಲವೇ ದಿನಕ್ಕೆ ಜ್ವರ, ಶೀತ, ಕೆಮ್ಮು, ಆಮೇಲೆ ಉಸಿರಾಟದ ತೊಂದರೆ. ನವೆಂಬರ್ 3ಕ್ಕೆ ಆಸ್ಪತ್ರೆ, 18ಕ್ಕೆ ಸಾವು. ವಿಜ್ಞಾನಿಗಳು ಅವರ ಮೂಗಿನ ದ್ರವದಿಂದಲೂ ಒಂದು ಒಂಟೆಯ ಮೂಗಿನಿಂದಲೂ ವೈರಸ್ ತೆಗೆದು ಪೂರ್ತಿ ಜೀನೋಮ್, ಅಂದರೆ ಅದರ ವಂಶವಾಹಿ ಬರಹ, ಓದಿದರು. ಎರಡೂ ಒಂದೇ. ಇಷ್ಟಕ್ಕೇ ಬಿಡದೆ ಕೊಟ್ಟಿಗೆಯ ಗಾಳಿಯನ್ನೂ ಮೂರು ದಿನ ಹಿಡಿದು ಪರೀಕ್ಷಿಸಿದರು. ನವೆಂಬರ್ 7ರ ಗಾಳಿಯಲ್ಲಿ ವೈರಸ್ಸಿನ ಆರ್‌ಎನ್‌ಎ, ಅಂದರೆ ಅದೇ ಬರಹದ ತುಣುಕು, ಸಿಕ್ಕಿತು. ಗೆಳೆಯರಿಗೆ ಮಾತ್ರ ರೋಗ ಬರಲಿಲ್ಲ. ಅವರೂ ಅದೇ ಗಾಳಿ ಕುಡಿದವರು, ಆದರೆ ಮೂಗಿಗೆ ಮದ್ದು ಹಚ್ಚಿದವರಲ್ಲ.

ಈಗ ನನಗೆ ಇಷ್ಟದ ಭಾಗಕ್ಕೆ ಬಂದೆ. ಒಂದೇ ವೈರಸ್. ಒಂಟೆಗೆ ಬರೀ ಶೀತ, ಎಷ್ಟೋ ಸಲ ಅದೂ ಇಲ್ಲ. ಮನುಷ್ಯನಿಗೆ ಪ್ರಾಣವೇ ಹೋಗುವಂಥ ನ್ಯುಮೋನಿಯಾ. ಯಾಕೆ?

ವೈರಸ್ ಜೀವಕೋಶದ ಒಳಗೆ ಹೋಗಬೇಕಾದರೆ ಅದರ ಮೈಮೇಲಿನ ಯಾವುದಾದರೂ ಪ್ರೋಟೀನನ್ನು ಹಿಡಿದುಕೊಳ್ಳಬೇಕು. ಬಾಗಿಲಿನ ಚಿಲಕ ಹಿಡಿದ ಹಾಗೆ. ಮೆರ್ಸ್ ಹಿಡಿಯುವ ಚಿಲಕದ ಹೆಸರು ಡಿಪಿಪಿ4. ಇಲ್ಲಿ ಹಿರಿಯರು ತುಂಬಾ ಜನ ಕೂತಿದ್ದೀರಿ, ಸಕ್ಕರೆ ಕಾಯಿಲೆಗೆ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಅಂತ ಮಾತ್ರೆ ನುಂಗುತ್ತೀರಲ್ಲ, ಅವು ಕೆಲಸ ಮಾಡುವುದೂ ಇದೇ ಪ್ರೋಟೀನಿನ ಮೇಲೆ. ಹಾಗಂತ ಮಾತ್ರೆ ನುಂಗಿದವರಿಗೆ ಮೆರ್ಸ್ ಬರೋದಿಲ್ಲ ಎಂದು ಲೆಕ್ಕ ಹಾಕಬೇಡಿ. ಮಾತ್ರೆ ಹಿಡಿಯುವ ಜಾಗ ಬೇರೆ, ವೈರಸ್ ಹಿಡಿಯುವ ಜಾಗ ಬೇರೆ. ಲ್ಯಾಬಿನಲ್ಲಿ ನೋಡಿದಾಗ ಮಾತ್ರೆ ವೈರಸ್ಸನ್ನು ತಡೆಯಲಿಲ್ಲ.

ಈ ಚಿಲಕ ಒಂಟೆಯಲ್ಲಿ ಮೂಗಿನ ಒಳಪದರದಲ್ಲೇ ಧಾರಾಳವಾಗಿದೆ. ವೈರಸ್ ಅಲ್ಲೇ ಕೂತು ಅಲ್ಲೇ ಮರಿ ಮಾಡಿ ಅಲ್ಲಿಂದಲೇ ಸೀನಿನ ಜೊತೆ ಹೊರಗೆ ಹೋಗುತ್ತದೆ. ಶ್ವಾಸಕೋಶದವರೆಗೆ ಇಳಿಯುವ ದರ್ದೇ ಇಲ್ಲ. ನಮ್ಮಲ್ಲಿ ಮೂಗಿನಲ್ಲಿ ಇದು ಕಮ್ಮಿ, ಶ್ವಾಸಕೋಶದ ಆಳದಲ್ಲಿ ಜಾಸ್ತಿ. ಹಾಗಾಗಿ ನಮಗೆ ಅಷ್ಟು ಸುಲಭಕ್ಕೆ ಅಂಟುವುದಿಲ್ಲ. ಅಂಟಿದರೆ ನೇರವಾಗಿ ತಳಕ್ಕೇ ಏಟು. ಇನ್ನೊಂದು ವಿಷಯವೂ ಇದರಲ್ಲೇ ಇದೆ. ಆಳದಲ್ಲಿ ಕೂತ ವೈರಸ್ ಮಾತಾಡುವಾಗ, ಸೀನುವಾಗ ಅಷ್ಟಾಗಿ ಹೊರಗೆ ಬರುವುದಿಲ್ಲ. ಕೋವಿಡ್ ಮೂಗು-ಗಂಟಲಿನಲ್ಲಿ ತುಂಬಿಕೊಂಡು, ಜ್ವರ ಬರುವ ಮೊದಲೇ ಊರೆಲ್ಲ ಸುತ್ತಿತು. ಮೆರ್ಸ್‌ಗೆ ಆ ಕಲೆ ಒಲಿದಿಲ್ಲ. ಒಂದು ಸಂತೆಯಲ್ಲಿ, ಒಂದು ಮದುವೆಮನೆಯಲ್ಲಿ ಇದು ಹಬ್ಬಿ ಸಾವಿರ ಜನಕ್ಕೆ ಬಂದಿದ್ದಿಲ್ಲ. ಪ್ರತಿ ವರ್ಷ ಲಕ್ಷಗಟ್ಟಲೆ ಜನ ಸೇರುವ ಹಜ್ ಯಾತ್ರೆಯಲ್ಲೂ ಹಾಗೆ ಆಗಲಿಲ್ಲ. ವೈರಸ್ಸುಗಳ ವಂಶವೃಕ್ಷ ಬರೆದವರು 2018ರಲ್ಲಿ ತೋರಿಸಿದ್ದೂ ಅದನ್ನೇ. ಅದು ಐವತ್ತಕ್ಕೂ ಹೆಚ್ಚು ಸಲ ಒಂಟೆಯಿಂದ ಮನುಷ್ಯನಿಗೆ ಬೇರೆಬೇರೆಯಾಗಿ ದಾಟಿದೆ. ದಾಟಿದ ಪ್ರತಿ ಸಲವೂ ಸ್ವಲ್ಪ ದೂರ ಹೋಗಿ ಆರಿಹೋಗಿದೆ.

ನಮ್ಮ ಮಲೆನಾಡಿನವರಿಗೆ ಪ್ರಾಣಿಯಿಂದ ಬರುವ ರೋಗ ಹೊಸದಲ್ಲ. ಮಂಗನ ಕಾಯಿಲೆ ಗೊತ್ತೇ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಅದು ಬೆಳಕಿಗೆ ಬಂದಾಗ ಮಂಗಗಳು ಸತ್ತು ಬೀಳುತ್ತಿದ್ದವು. ಇವತ್ತಿಗೂ ತೋಟದಲ್ಲಿ ಮಂಗ ಸತ್ತು ಬಿದ್ದರೆ ಊರಿನವರೇ ಹೋಗಿ ಆರೋಗ್ಯ ಇಲಾಖೆಗೆ ಹೇಳುತ್ತಾರೆ. ಸತ್ತ ಮಂಗವೇ ಅಲ್ಲಿ ಗಂಟೆ ಬಾರಿಸುತ್ತದೆ. ಒಂಟೆ ಹಾಗಲ್ಲ. ಅದು ಸಾಯುವುದಿಲ್ಲ, ಮೇವು ಬಿಡುವುದಿಲ್ಲ, ಹಾಲು ಕಮ್ಮಿ ಮಾಡುವುದಿಲ್ಲ. ಒಡೆಯನಿಗೆ ನಷ್ಟವೇ ಇಲ್ಲದ ಕಾಯಿಲೆಯನ್ನು ಯಾವ ಒಡೆಯ ಕಾಯಿಲೆ ಅನ್ನುತ್ತಾನೆ? ಹಾಗಾಗಿ ಮೆರ್ಸ್‌ನ ಗಂಟೆ ಮೊದಲು ಕೇಳಿಸುವುದು ಮನುಷ್ಯರ ಐಸಿಯುನಲ್ಲಿ. ಈ ರೋಗದಲ್ಲಿ ನನ್ನನ್ನು ಕಾಡುವುದು ಇದೇ.

ಒಂಟೆ ಅನ್ನುವಾಗ ಯಾವ ಒಂಟೆ ಎಂದೂ ಹೇಳಬೇಕು. ಒಂದು ಡುಬ್ಬದ್ದು, ಅರೇಬಿಯಾ, ಆಫ್ರಿಕಾ, ನಮ್ಮ ರಾಜಸ್ಥಾನಗಳಲ್ಲಿ ಇರುವಂಥದ್ದು. ಮಂಗೋಲಿಯಾದ ಎರಡು ಡುಬ್ಬದ ಒಂಟೆಗಳಲ್ಲಿ ಹುಡುಕಿದರು, ಆಂಟಿಬಾಡಿ ಸಿಗಲಿಲ್ಲ. ಆಸ್ಟ್ರೇಲಿಯಾದ ಕಾಡು ಒಂಟೆಗಳು ಒಂದು ಡುಬ್ಬದವೇ ಆದರೂ ಅವುಗಳಲ್ಲೂ ಸಿಗಲಿಲ್ಲ. ಅರೇಬಿಯಾದಲ್ಲಿ, ಪೂರ್ವ ಆಫ್ರಿಕಾದಲ್ಲಿ ಬೆಳೆದ ಒಂಟೆಗಳಲ್ಲಿ ಮಾತ್ರ ನೂರಕ್ಕೆ ತೊಂಬತ್ತರಲ್ಲಿ ಇದರ ಗುರುತು ಇದೆ. ವೈರಸ್ಸನ್ನು ಜಾಸ್ತಿ ಸುರಿಸುವುದು ಮರಿಗಳು. ಅಲ್ಲಿ ಒಂಟೆ ಈಯುವುದು ಚಳಿಗಾಲದ ತಿಂಗಳುಗಳಲ್ಲಿ. ತಾಯಿಯಿಂದ ಬಂದ ಆಂಟಿಬಾಡಿ ಐದಾರು ತಿಂಗಳಿಗೆ ಇಳಿಯುತ್ತದೆ, ಆಗ ಮರಿಗೆ ಮೊದಲ ಸೋಂಕು. ಅಂಗನವಾಡಿಗೆ ಸೇರಿದ ಮಗುವಿಗೆ ವಾರಕ್ಕೊಂದು ಶೀತ ಬರುತ್ತದಲ್ಲ, ಅದೇ ಕತೆ. ದೊಡ್ಡ ಒಂಟೆಗೆ ಆಂಟಿಬಾಡಿ ಇದ್ದರೂ ಮತ್ತೆ ಬರಬಹುದು, ಅದೂ ನಮ್ಮ ಶೀತದ ಹಾಗೆಯೇ.

ಅಂದ ಹಾಗೆ, ನಮ್ಮ ಶೀತದ ವಿಷಯ ಬಂತಲ್ಲ. ಮನುಷ್ಯರಿಗೆ ಸಾದಾ ನೆಗಡಿ ತರುವ 229ಇ ಎಂಬ ಕೊರೊನಾ ವೈರಸ್ ಇದೆ. ಅದರ ತೀರಾ ಹತ್ತಿರದ ನಂಟ ಒಂಟೆಗಳಲ್ಲಿ ಸಿಕ್ಕಿದೆ. ಯಾವುದೋ ಕಾಲದಲ್ಲಿ ಅದೂ ಒಂಟೆಯ ಮೂಲಕವೇ ನಮಗೆ ದಾಟಿರಬಹುದು ಎಂಬ ಊಹೆ ಇದೆ. ಇವತ್ತು ನಿಮ್ಮಲ್ಲಿ ಯಾರಾದರೂ ಮೂಗು ಏರಿಸುತ್ತಾ ಕೂತಿದ್ದರೆ, ಇರಲಿ, ಒಂಟೆಯನ್ನು ಬೈಯಬೇಡಿ.

ಹಾಗಾದರೆ ಅಪಾಯ ಯಾರಿಗೆ? ಸೌದಿಯಲ್ಲಿ 2012-13ರಲ್ಲಿ ದೇಶದ ಎಲ್ಲ ಕಡೆಯಿಂದ 10,009 ಜನರ ರಕ್ತ ನೋಡಿದರು. ಮೆರ್ಸ್ ಆಂಟಿಬಾಡಿ ಇದ್ದಿದ್ದು 15 ಜನಕ್ಕೆ. ಒಂಟೆ ಕಾಯುವ 87 ಜನರನ್ನು ಬೇರೆಯಾಗಿ ನೋಡಿದರು, ಇಬ್ಬರಲ್ಲಿ ಇತ್ತು. ಕಸಾಯಿಖಾನೆಯಲ್ಲಿ ಕೆಲಸ ಮಾಡುವ 140 ಜನರನ್ನು ನೋಡಿದರು, ಐವರಲ್ಲಿ ಇತ್ತು. ಸಂಖ್ಯೆ ಸಣ್ಣದು, ಒಪ್ಪುತ್ತೇನೆ. ಆದರೆ ಪ್ರಮಾಣ ಲೆಕ್ಕ ಹಾಕಿದರೆ ಕಾಯುವವರಿಗೆ ಉಳಿದವರಿಗಿಂತ ಸುಮಾರು 15 ಪಟ್ಟು, ಕಸಾಯಿಖಾನೆಯವರಿಗೆ 23 ಪಟ್ಟು ಜಾಸ್ತಿ. ಗಲ್ಫ್‌ನ ಇಜ್ಬಾಗಳಲ್ಲಿ, ಕಸಾಯಿಖಾನೆಗಳಲ್ಲಿ ದುಡಿಯುವವರು ಯಾರು? ಸುಡಾನಿನವರು, ಬಾಂಗ್ಲಾದವರು, ಪಾಕಿಸ್ತಾನದವರು, ನಮ್ಮವರು. ಹರೆಯದವರು, ಗಟ್ಟಿಮುಟ್ಟಾಗಿರುವವರು. ಇವರಿಗೆ ಬಂದರೂ ಎಷ್ಟೋ ಸಲ ಎರಡು ದಿನದ ಜ್ವರದಲ್ಲಿ ಮುಗಿದುಹೋಗುತ್ತದೆ. ರಜೆ ಕೇಳಿದರೆ ಸಂಬಳ ಹೋಗುತ್ತದೆ, ಆಸ್ಪತ್ರೆಗೆ ಹೋಗಲು ಗಾಡಿ ಇಲ್ಲ. ಒಂಟೆಯನ್ನೇ ಮುಟ್ಟದ ಎಷ್ಟೋ ಜನರಿಗೆ ಮೆರ್ಸ್ ಬಂದಿದೆ. ಇಂಥ ಒಬ್ಬ ಹುಡುಗ ಕೆಮ್ಮುತ್ತಾ ಒಡೆಯನ ಮನೆಗೆ ಹಾಲು ಕೊಟ್ಟು ಬಂದಿದ್ದರೆ, ಆ ಮನೆಯ ಸಕ್ಕರೆ ಕಾಯಿಲೆಯ ಅಜ್ಜನಿಗೆ ಅದು ತಗುಲಿರಬಹುದಲ್ವಾ? ಇದು ನನ್ನ ಊಹೆ. ವಯಸ್ಸಾದವರು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರಿಗೆ ಈ ರೋಗ ಜೋರಾಗುತ್ತದೆ ಎಂಬುದು ಮಾತ್ರ ಊಹೆಯಲ್ಲ.

ಅಂಥವರು ಬರುವುದು ಆಸ್ಪತ್ರೆಗೆ. ಒಂಟೆಯ ಕತೆ ಮುಗಿದು ಆಸ್ಪತ್ರೆಯ ಕತೆ ಶುರುವಾಗುವುದು ಇಲ್ಲಿ. 2013ರಲ್ಲಿ ಸೌದಿಯ ಅಲ್ ಹಸಾದಲ್ಲಿ ಡಯಾಲಿಸಿಸ್ ಘಟಕದ ಒಳಗೆ ಹಬ್ಬಿತು. 2014ರ ಏಪ್ರಿಲ್‌ನಲ್ಲಿ ಜೆಡ್ಡಾದ ಆಸ್ಪತ್ರೆಗಳಲ್ಲಿ ಹಬ್ಬಿ, ಆರೋಗ್ಯ ಸಚಿವರನ್ನೇ ಬದಲಿಸಿದರು. ಆದರೆ ಅರ್ಥವಾಗಬೇಕಾದರೆ ಕೊರಿಯಾದ ಕತೆ ಕೇಳಬೇಕು.

2015ರ ಮೇ 4. ದಕ್ಷಿಣ ಕೊರಿಯಾದ 68 ವರ್ಷದ ಒಬ್ಬ ವ್ಯಾಪಾರಿ ಬಹ್ರೇನ್, ಯುಎಇ, ಸೌದಿ, ಕತಾರ್ ಸುತ್ತಿ ಊರಿಗೆ ಬಂದರು. ವಾರದ ಮೇಲೆ ಜ್ವರ, ಕೆಮ್ಮು. ಒಂದು ಕ್ಲಿನಿಕ್, ಇನ್ನೊಂದು ಆಸ್ಪತ್ರೆ, ಮತ್ತೊಂದು, ಹೀಗೆ ಡಾಕ್ಟರ್ ಬದಲಿಸುತ್ತಾ ಹೋದರು. ನಾವೂ ಅಷ್ಟೇ ಅಲ್ವಾ, ಎರಡು ದಿನಕ್ಕೆ ಗುಣವಾಗದಿದ್ದರೆ "ಇವನಿಗೆ ಗೊತ್ತಾಗ್ಲಿಲ್ಲ" ಎಂದು ಮುಂದಿನವರ ಬಳಿ ಹೋಗುತ್ತೇವೆ. ಮೇ 20ಕ್ಕೆ ಮೆರ್ಸ್ ಎಂದು ಖಚಿತವಾಯಿತು. ಅಷ್ಟರಲ್ಲಿ ಪ್ಯೊಂಗ್‌ಟೇಕ್ ಎಂಬ ಊರಿನ ಆಸ್ಪತ್ರೆಯಲ್ಲಿ ಅವರಿದ್ದ ವಾರ್ಡಿನ ಅಕ್ಕಪಕ್ಕದವರಿಗೆ ದಾಟಿತ್ತು. ಅಲ್ಲಿದ್ದ ಒಬ್ಬ ಯುವಕ, ಲೆಕ್ಕದಲ್ಲಿ 14ನೇ ರೋಗಿ, ಹುಷಾರಿಲ್ಲದೆ ಬಸ್ ಹತ್ತಿ ಸಿಯೋಲ್‌ಗೆ ಹೋದ. ಅಲ್ಲಿನ ದೊಡ್ಡ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಬೆಡ್ ಸಿಗದ ಜನ ದಿನಗಟ್ಟಲೆ ಕಾಯುತ್ತಿದ್ದರು. ಕೊರಿಯಾದಲ್ಲೂ ರೋಗಿಯ ಜೊತೆ ಮನೆಯವರು ಇರುವುದು, ನೆಂಟರು ನೋಡಲು ಬರುವುದು ವಾಡಿಕೆ. ಮೇ 27ರಿಂದ 29ರವರೆಗೆ ಅವನು ಆ ವಿಭಾಗದಲ್ಲಿದ್ದ. ಆ ಒಬ್ಬನಿಂದ 82 ಜನಕ್ಕೆ ಬಂತು. ರೋಗಿಗಳು, ಜೊತೆಗೆ ಬಂದವರು, ಸಿಬ್ಬಂದಿ. ಒಟ್ಟು 186 ಜನಕ್ಕೆ ರೋಗ, 38 ಸಾವು, ಸಾವಿರಾರು ಜನಕ್ಕೆ ಮನೆವಾಸ. ಅಷ್ಟಕ್ಕೂ ಒಂದೇ ಒಂದು ಪ್ರಯಾಣ ಕಾರಣ.

ಆಗ ಅಲ್ಲಿನ ಸರ್ಕಾರ ಏನು ಮಾಡಿತು ಗೊತ್ತಾ? "ಒಂಟೆಯ ಹತ್ತಿರ ಹೋಗಬೇಡಿ, ಹಸಿ ಒಂಟೆ ಹಾಲು ಕುಡಿಯಬೇಡಿ" ಎಂದು ಪ್ರಕಟಣೆ ಹೊರಡಿಸಿತು. ಮೃಗಾಲಯದ ಒಂಟೆಗಳನ್ನು ಕ್ವಾರಂಟೈನ್‌ನಲ್ಲಿ ಇಟ್ಟರು. ಆ ಒಂಟೆಗಳು ಅರೇಬಿಯಾದ ಮುಖವನ್ನೇ ನೋಡಿದವಲ್ಲ. ಸಿಯೋಲ್‌ನಲ್ಲಿ ಬೆಳಗೆದ್ದು ಒಂಟೆ ಹಾಲು ಕರೆಯುವವರು ಯಾರಿದ್ದಾರೆ ಎಂದು ಜನ ಗೇಲಿ ಮಾಡಿದರು. ಹಬ್ಬುತ್ತಿದ್ದದ್ದು ತುರ್ತು ವಿಭಾಗದಲ್ಲಿ, ಕಟ್ಟಿಹಾಕಿದ್ದು ಮೃಗಾಲಯದ ಒಂಟೆಯನ್ನು. ಪಾಠ ಮಾತ್ರ ಕಲಿತರು, ಅದನ್ನು ಒಪ್ಪಬೇಕು. 2018ರಲ್ಲಿ ಕುವೈತ್‌ನಿಂದ ಬಂದ ಇನ್ನೊಬ್ಬರಿಗೆ ಮೆರ್ಸ್ ಬಂದಾಗ ಬೇಗ ಹಿಡಿದರು. ಅವರಿಂದ ಒಬ್ಬರಿಗೂ ಹರಡಲಿಲ್ಲ.

ಸೌದಿಯಲ್ಲಿ ಇದಕ್ಕೆ ಉಲ್ಟಾ. ಒಂಟೆಯಿಂದ ದೂರ ಇರಿ, ಮಾಸ್ಕ್ ಹಾಕಿ ಎಂದು 2014ರಲ್ಲಿ ಸರ್ಕಾರ ಹೇಳಿದಾಗ, ಕೆಲವರು ಒಂಟೆಯನ್ನು ತಬ್ಬಿ, ಮೂತಿಗೆ ಮುತ್ತು ಕೊಡುವ ವಿಡಿಯೊ ಮಾಡಿ ಹಾಕಿದರು. "ನೋಡಿ, ಇದಕ್ಕೆ ಕೊರೊನಾ ಇದೆಯಂತೆ" ಎಂದು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಹಟ್ಟಿಯ ಹಸುವಿನ ಹತ್ತಿರ ಹೋಗಬೇಡಿ ಎಂದು ನಾಳೆ ಯಾರಾದರೂ ಹೇಳಲಿ, ನಾವೇನು ಮಾಡುತ್ತೇವೆ?

ನರ್ಸ್‌ರನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. 2020ರ ಜನವರಿ, ಎಲ್ಲರ ಕಣ್ಣೂ ವುಹಾನ್ ಮೇಲಿದ್ದ ದಿನಗಳು. ಸೌದಿಯ ಅಸೀರ್ ಪ್ರಾಂತ್ಯದಲ್ಲಿ ಕೇರಳದ ಒಬ್ಬ ನರ್ಸ್‌ಗೆ ಕೊರೊನಾ ಎಂದು ಸುದ್ದಿ ಬಂತು. ಜೊತೆಗೆ ಕೆಲಸ ಮಾಡುವ ಸುಮಾರು ನೂರು ಭಾರತೀಯ ನರ್ಸ್‌ಗಳನ್ನು ಪರೀಕ್ಷೆ ಮಾಡಿದ್ದರು. ಟಿವಿಯವರು ಚೀನಾದ ವೈರಸ್ಸೇ ಬಂತೆಂದು ಕೂಗಿದರು. ಆಮೇಲೆ ಜೆಡ್ಡಾದ ನಮ್ಮ ಕಾನ್ಸುಲೇಟ್ ಸ್ಪಷ್ಟ ಮಾಡಿತು, ಅದು ಮೆರ್ಸ್, ವುಹಾನ್‌ದಲ್ಲ ಎಂದು. ಟಿವಿಯವರಿಗೆ ಅಲ್ಲಿಗೆ ಆಸಕ್ತಿ ಮುಗಿಯಿತು. ಇಲ್ಲಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಅಲ್ಲಿಗೆ ಹೋದ ಹೆಣ್ಣುಮಕ್ಕಳ ತಂದೆತಾಯಿ ಇಲ್ಲಿ ಕೂತಿದ್ದೀರಿ, ಅದಕ್ಕೇ ಹೇಳಿದ್ದು. ಒಂಟೆಯನ್ನು ದೂರದಿಂದಲೂ ನೋಡದ ಹುಡುಗಿಗೆ ಅದು ಬರುವ ದಾರಿ ಇದು. ಕೆಮ್ಮುವ ರೋಗಿಯ ಗಂಟಲಿಗೆ ಟ್ಯೂಬ್ ಹಾಕುವಾಗ, ಕಫ ಎಳೆಯುವಾಗ, ಆಳದಲ್ಲಿ ಕೂತ ವೈರಸ್ ಮೇಲೆ ಬರುತ್ತದೆ. ಆಗ ಮುಖದ ಮುಂದೆ ಇರುವವರು ಅವರೇ.

ಹಾಲಿನ ಬಗ್ಗೆ ಬೇಗ ಹೇಳುತ್ತೇನೆ. ಹಸಿ ಹಾಲಿಗೆ ವೈರಸ್ ಬೆರೆಸಿ ಫ್ರಿಜ್ಜಿನ ತಂಪಿನಲ್ಲಿ ಇಟ್ಟು ನೋಡಿದರು. ಮೂರು ದಿನ ಕಳೆದರೂ ಜೀವಂತ ಇತ್ತು. 63 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದಾಗ ಏನೂ ಉಳಿಯಲಿಲ್ಲ. ನಾವು ಹಾಲು ಉಕ್ಕುವ ತನಕ ಕಾಯಿಸುವವರು, ನಮಗೆ ಇದು ತೊಂದರೆಯೇ ಅಲ್ಲ. ಅಲ್ಲಿ ಕರೆದ ತಕ್ಷಣ ಬೆಚ್ಚಗೆ, ನೊರೆ ಸಮೇತ ಕುಡಿಯುವುದು ಮರ್ಯಾದೆ. ಅತಿಥಿಗೆ ಬಟ್ಟಲು ಚಾಚಿದರೆ ಬೇಡ ಅನ್ನುವುದು ಕಷ್ಟ. ಒಂಟೆ ಮೂತ್ರವನ್ನು ಔಷಧಿ ಎಂದು ಕುಡಿಯುವವರೂ ಇದ್ದಾರೆ, ಅದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಬಾಯಿಬಿಟ್ಟು ಹೇಳಿದೆ.

ಲಸಿಕೆ ಇಲ್ಲವೇ? ಮಾರುಕಟ್ಟೆಯಲ್ಲಿ ಇಲ್ಲ, ಮನುಷ್ಯರಿಗೂ ಇಲ್ಲ, ಒಂಟೆಗೂ ಇಲ್ಲ. ಪ್ರಯೋಗಗಳು ನಡೆದಿವೆ. 2016ರಲ್ಲಿ ರಾಟರ್‌ಡ್ಯಾಮ್ ತಂಡದವರು ಒಂಟೆಗೆ ಕೊಟ್ಟ ಲಸಿಕೆ, ಮೂಗಿನಿಂದ ಸುರಿಯುವ ವೈರಸ್ಸನ್ನು ತುಂಬಾ ಕಮ್ಮಿ ಮಾಡಿತು. ಆದರೆ ನನ್ನೊಳಗಿನ ದನದ ಡಾಕ್ಟರು ಕೇಳುವ ಪ್ರಶ್ನೆ ಬೇರೆ. ಕಾಲುಬಾಯಿ ಜ್ವರದ ಲಸಿಕೆಯನ್ನು ಸರ್ಕಾರ ಉಚಿತವಾಗಿ ಹಾಕುತ್ತದೆ ಅಂದರೂ ಹಸು ಹಿಡಿದುಕೊಡಲು ಬಾರದ ಜನರನ್ನು ನಾನು ನೋಡಿದ್ದೇನೆ. ಅದು ಹಸುವನ್ನೇ ಮಲಗಿಸುವ ರೋಗ. ಒಂಟೆಗೆ ಏನೂ ಮಾಡದ ರೋಗಕ್ಕೆ, ಯಾವುದೋ ಊರಿನ ಐಸಿಯುನಲ್ಲಿ ಇನ್ಯಾರೋ ಸಾಯಬಾರದೆಂದು, ಮರುಭೂಮಿಯಲ್ಲಿ ಮರಿ ಹಿಡಿದು ಸೂಜಿ ಚುಚ್ಚಿಸುವವರು ಯಾರು? ದುಡ್ಡು ಯಾರದ್ದು? ಲಸಿಕೆ ನಿಂತಿರುವುದು ಲ್ಯಾಬಿನಲ್ಲಿ ಮಾತ್ರ ಅಲ್ಲ, ಇಲ್ಲೂ ನಿಂತಿದೆ.

ಆದರೆ ಆ ಕೆಲಸ ದಂಡವಾಗಲಿಲ್ಲ. ಆಕ್ಸ್‌ಫರ್ಡ್‌ನ ಸಾರಾ ಗಿಲ್ಬರ್ಟ್ ಮತ್ತು ತಂಡದವರು ಚಿಂಪಾಂಜಿಯ ಒಂದು ನೆಗಡಿ ವೈರಸ್ಸನ್ನು ಗಾಡಿ ಮಾಡಿಕೊಂಡು, ಅದರ ಮೇಲೆ ಮೆರ್ಸ್‌ನ ಮುಳ್ಳಿನ ಪ್ರೋಟೀನ್ ಹೇರಿ ಲಸಿಕೆ ತಯಾರಿಸಿದ್ದರು. ಸೌದಿಯ ಒಂಟೆಗಳ ಮೇಲೂ ಪ್ರಯೋಗಿಸಿದರು, 2018ರಿಂದ ಜನರ ಮೇಲೂ. 2020 ಬಂತು. ಗಾಡಿ ಅದೇ, ಸರಕು ಬದಲಿಸಿದರು. ಪುಣೆಯಲ್ಲಿ ತಯಾರಾಗಿ ಕೋವಿಶೀಲ್ಡ್ ಎಂಬ ಹೆಸರಿನಲ್ಲಿ ಬಂತು. ಇಲ್ಲಿ ಕೂತಿರುವ ಬಹುಪಾಲು ಜನರ ತೋಳಿಗೆ ಚುಚ್ಚಿದ್ದು ಅದೇ. ಅಷ್ಟು ಬೇಗ ಹೇಗೆ ಮಾಡಿದರು ಎಂದು ಅನುಮಾನ ಪಟ್ಟಿದ್ದಿರಲ್ಲ, ಅರ್ಧ ದಾರಿಯನ್ನು ಒಂಟೆ ಮೊದಲೇ ನಡೆದಿತ್ತು.

ಕೊನೆಗೆ ಒಂದಷ್ಟು ಪ್ರಶ್ನೆ ಬಂದವು. ಮುಖ್ಯವಾದವು ಇವು.

ಮುಂದಿನ ಸಾಲಿನ ಒಬ್ಬರು ತಾಯಿ ಕೇಳಿದರು. "ಜಾತ್ರೆಯಲ್ಲಿ ಮೊಮ್ಮಗನನ್ನು ಒಂಟೆ ಮೇಲೆ ಕೂರಿಸಿದ್ದೆ. ಏನಾದ್ರೂ ಆಗ್ತದಾ?" ಇಲ್ಲಮ್ಮ. ಭಾರತದಲ್ಲಿ ಇಲ್ಲಿಯವರೆಗೆ ಯಾರಿಗೂ ಮೆರ್ಸ್ ಬಂದದ್ದು ದೃಢಪಟ್ಟಿಲ್ಲ. ಜಾತ್ರೆಯ ಒಂಟೆ ಕಂಡರೆ ನನಗೆ ಬೇರೆಯೇ ಚಿಂತೆ. 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದಲ್ಲಿ ಉಳಿದಿದ್ದು ಎರಡೂವರೆ ಲಕ್ಷ ಒಂಟೆ, ಏಳು ವರ್ಷದಲ್ಲಿ ನೂರಕ್ಕೆ 37 ಕಮ್ಮಿ. ಮೊಮ್ಮಗನನ್ನು ಕೂರಿಸಿ, ಇಳಿಸಿದ ಮೇಲೆ ಕೈ ತೊಳೆಸಿ. ಆಮೇಲೆ ಚುರುಮುರಿ ಕೊಡಿಸಿ.

"ಮಗ ರಜೆಗೆ ಬಂದು ಕೆಮ್ಮಿದರೆ?" ಗಲ್ಫ್‌ನಿಂದ ಬಂದ ಹದಿನಾಲ್ಕು ದಿನದೊಳಗೆ ಜ್ವರ, ಕೆಮ್ಮು, ಏದುಸಿರು ಬಂದರೆ ಡಾಕ್ಟರ ಮುಂದೆ ಕೂತ ಕೂಡಲೇ ಎಲ್ಲಿಂದ ಬಂದೆ, ಅಲ್ಲಿ ಏನು ಕೆಲಸ ಎಂದು ಹೇಳಬೇಕು. ಡಾಕ್ಟರು ಕೇಳದಿದ್ದರೂ ಹೇಳಬೇಕು. ಡ್ರೈವರ್ ಅಂತ ಹೋಗಿ ಒಂಟೆ ಕಾಯುತ್ತಿರುವವನಿಗೆ ಮನೆಯಲ್ಲೂ ಆ ವಿಷಯ ಹೇಳಲು ನಾಚಿಕೆ ಇರುತ್ತದೆ, ನನಗೆ ಗೊತ್ತು. ನಮ್ಮ ಬೈರಾಸಿನ ಹುಡುಗನೂ ಅವನ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಅಮ್ಮ ಈ ಸಭೆಗೆ ಬಂದಿಲ್ಲ ಎಂದು ನೋಡಿಕೊಂಡೇ ಇಷ್ಟು ಹೇಳಿದ್ದೇನೆ.

ಕೊನೆಯ ಪ್ರಶ್ನೆ ಹಿಂದಿನ ಬೆಂಚಿನ ಹುಡುಗಿಯದ್ದು. "ಸರ್, ನಮ್ಮ ಮಾವ ದುಬೈನಿಂದ ಒಂಟೆ ಹಾಲಿನ ಚಾಕೊಲೇಟ್ ತಂದಿದ್ದಾರೆ. ತಿನ್ಬಹುದಾ?"

ಅದು ಕಾಯಿಸಿ, ಪುಡಿ ಮಾಡಿ, ಫ್ಯಾಕ್ಟರಿಯಲ್ಲಿ ತಯಾರಾಗಿದ್ದು, ಧಾರಾಳವಾಗಿ ತಿನ್ನು ಎಂದೆ. ಹುಡುಗಿ ಬ್ಯಾಗಿನಿಂದ ಡಬ್ಬಿ ತೆಗೆದಳು. ಅದು ನನ್ನ ಕೈಗೆ ಬರುವಷ್ಟರಲ್ಲಿ ಬರೀ ಡಬ್ಬಿ ಉಳಿದಿತ್ತು.